ಬೀಗ ಹಾಕಿದ ನಗು

ಯುರೋಪಿನ ಸಿನಿಮಾ ಅಂದ ಕೂಡಲೇ ನನ್ನ ಗೆಳೆಯರಿಗೆ ಆಕಳಿಕೆ ಬರುತ್ತೆ. ಕಪ್ಪು-ಬಿಳುಪು ಚಿತ್ರ, ಯಾರೋ ಒಬ್ಬ ಕಿಟಕಿ ಪಕ್ಕ ನಿಂತು ಹತ್ತು ನಿಮಿಷ ಸಿಗರೇಟು ಸೇದ್ತಾನೆ, ಹೊರಗೆ ಮಳೆ ಬರ್ತಾ ಇರುತ್ತೆ, ಸಿನಿಮಾ ಮುಗೀತು. ಅಂಥವೂ ಇವೆ, ಇಲ್ಲ ಅನ್ನಲ್ಲ. ಆದರೆ ನನಗೆ ಹುಚ್ಚು ಹಿಡಿಸಿದ್ದು ಅವಲ್ಲ. ಕಾಮಿಡಿ, ಬೊಂಬೆಗಳ ಆನಿಮೇಷನ್, ಹಾರರ್. ನಾವು ಟೈಂಪಾಸ್ ಅಂತ ಪಕ್ಕಕ್ಕೆ ತಳ್ಳುವ ಈ ಮೂರು ಬಗೆಯ ಸಿನಿಮಾಗಳಿಗೆ ಒಂದು ಸರ್ಕಾರ ಎಷ್ಟು ಹೆದರಿತ್ತು ಅಂದ್ರೆ, ರೀಲುಗಳನ್ನು ಕಪಾಟಿನಲ್ಲಿಟ್ಟು ಇಪ್ಪತ್ತು ವರ್ಷ ಬೀಗ ಜಡಿದಿತ್ತು. ಆ ದೇಶ ಚೆಕೊಸ್ಲೊವಾಕಿಯಾ. 1993ರಲ್ಲಿ ಅದು ಚೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾ ಅಂತ ಎರಡಾಗಿ, ಈಗ ಭೂಪಟದಲ್ಲಿ ಆ ಹೆಸರೇ ಇಲ್ಲ.

ದೂರದ ಊರು ಅಂದ್ಕೋಬೇಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರ್ತಿದ್ದ ಬೈಕು ಮೂಲದಲ್ಲಿ ಅವರದ್ದೇ, ಅದೇ ಮುಂದೆ ಯೆಜ್ಡಿ ಆಯ್ತು. ಹೊಲದಲ್ಲಿ ಗುಡುಗುಡು ಅಂತಿದ್ದ ಎಚ್‌ಎಂಟಿ ಟ್ರ್ಯಾಕ್ಟರ್‌ನ ಹಿಂದಿದ್ದದ್ದು ಅವರ ಝೆಟರ್ ಕಂಪನಿಯ ವಿನ್ಯಾಸ. ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಚೆಕ್ ಯಂತ್ರಗಳ ಸದ್ದು ಚಿಕ್ಕಂದಿನಿಂದಲೇ ಪರಿಚಯ. ಅದೇ ಜನ ಎಂಥ ಸಿನಿಮಾ ಮಾಡ್ತಿದ್ರು ಅನ್ನೋದು ಮಾತ್ರ ಗೊತ್ತಾಗಿದ್ದು ಬೆಂಗಳೂರಿಗೆ ಬಂದು, ಕೈಗೆ ಲ್ಯಾಪ್‌ಟಾಪ್ ಸಿಕ್ಕಿದ ಮೇಲೆ.

ಮೊದಲು ಸ್ವಲ್ಪ ಹಿನ್ನೆಲೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲೇ ಅಲ್ಲಿ ಚಿತ್ರರಂಗ ಪೂರ್ತಿ ರಾಷ್ಟ್ರೀಕರಣ ಆಯ್ತು. 1946ರಲ್ಲಿ ಪ್ರಾಗ್‌ನಲ್ಲಿ ಫಾಮು ಅನ್ನೋ ಸಿನಿಮಾ ಶಾಲೆ ಶುರುವಾಯ್ತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಪೂರ್ತಿ ಅಧಿಕಾರ ಹಿಡೀತು. ಅಲ್ಲಿಂದ ಮುಂದೆ ನಿರ್ಮಾಪಕನೂ ಸರ್ಕಾರವೇ, ಹಂಚಿಕೆದಾರನೂ ಸರ್ಕಾರವೇ, ಸೆನ್ಸಾರೂ ಸರ್ಕಾರವೇ. ನಿರ್ದೇಶಕ ಅಂದ್ರೆ ತಿಂಗಳ ಸಂಬಳದ ನೌಕರ. ಹಾಗಾಗಿ ಒಂದು ವಿಚಿತ್ರ ಸ್ವಾತಂತ್ರ್ಯವೂ ಸಿಕ್ಕಿತು, ಮೊದಲ ವಾರದ ಕಲೆಕ್ಷನ್ ಎಷ್ಟು ಅಂತ ಯಾರೂ ಕೇಳ್ತಿರಲಿಲ್ಲ. 1960ರ ಹೊತ್ತಿಗೆ ಸ್ಟಾಲಿನ್ ಕಾಲದ ಬಿಗಿ ಸಡಿಲವಾಗಿ, ಫಾಮುವಿನಲ್ಲಿ ಕಲಿತ ಹುಡುಗ ಹುಡುಗಿಯರು ಕ್ಯಾಮೆರಾ ಹಿಡಿದು ಹೊರಟರು. ಮುಂದಿನ ಎಂಟು ವರ್ಷ ಅಲ್ಲಿ ಬಂದ ಬೆಳೆ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ.

ಆ ಬೆಳೆಯಿಂದ ನಾನು ಮೂರೇ ತೆನೆ ಎತ್ತಿಕೊಳ್ತೀನಿ. ಕಥೆಯನ್ನೂ ಹೇಳಿಬಿಡ್ತೀನಿ. ಐವತ್ತು ವರ್ಷ ದಾಟಿದ ಸಿನಿಮಾಗೆ ಸ್ಪಾಯ್ಲರ್ ಅನ್ನೋದು ಇರಲ್ಲ.

ಮೊದಲನೆಯದು ಕಾಮಿಡಿ. ಮಿಲೋಷ್ ಫೋರ್ಮನ್ 1967ರಲ್ಲಿ ಮಾಡಿದ 'ದಿ ಫೈರ್‌ಮೆನ್ಸ್ ಬಾಲ್'. ಬಾಲ್ ಅಂದ್ರೆ ಇಲ್ಲಿ ಚೆಂಡಲ್ಲ, ಕುಣಿತದ ಕೂಟ. ಫೋರ್ಮನ್ ಮತ್ತು ಇಬ್ಬರು ಗೆಳೆಯರು ಬೇರೇನೋ ಚಿತ್ರಕಥೆ ಬರೆಯೋಕೆ ಅಂತ ವ್ರಖ್‌ಲಾಬಿ ಅನ್ನೋ ಸಣ್ಣ ಊರಿಗೆ ಹೋಗಿದ್ದರು. ಕಥೆ ಮುಂದಕ್ಕೇ ಹೋಗ್ತಿಲ್ಲ. ಬೇಜಾರಾಗಿ ಒಂದು ಸಂಜೆ ಆ ಊರಿನ ಅಗ್ನಿಶಾಮಕ ದಳದ ಕೂಟಕ್ಕೆ ಹೋದರು. ಅಲ್ಲಿ ಕಂಡದ್ದು ತಲೆಯಿಂದ ಹೋಗಲೇ ಇಲ್ಲ. ಹಳೇ ಕಥೆ ಬಿಸಾಕಿ ಇದನ್ನೇ ಬರೆದರು, ಅದೇ ಊರಲ್ಲಿ, ಅಲ್ಲಿನ ನಿಜವಾದ ಫೈರ್‌ಮನ್‌ಗಳನ್ನೇ ಹಾಕಿಕೊಂಡು ಚಿತ್ರೀಕರಿಸಿದರು.

ಕಥೆ ಒಂದೇ ರಾತ್ರಿಯದು. ದಳದ ಹಳೇ ಅಧ್ಯಕ್ಷರಿಗೆ 86 ವರ್ಷ, ಕ್ಯಾನ್ಸರ್ ಬೇರೆ. ಅವರಿಗೊಂದು ಪುಟ್ಟ ಕೊಡಲಿ ಕಾಣಿಕೆ ಕೊಡಬೇಕು ಅಂತ ಕೂಟ ಇಟ್ಟುಕೊಂಡಿದ್ದಾರೆ. ಜೊತೆಗೆ ಲಾಟರಿ, ಸುಂದರಿಯರ ಸ್ಪರ್ಧೆ. ಸಮಿತಿಯವರ ಓಡಾಟ, ಪಿಸುಮಾತು, ಒಬ್ಬರ ಮೇಲೊಬ್ಬರು ಹೇಳೋದು ನೋಡಿದ್ರೆ ನಮ್ಮೂರ ಗಣೇಶನ ಕಮಿಟಿಯೇ ಕಣ್ಮುಂದೆ ಬರುತ್ತೆ. ಈ ನಡುವೆ ಲಾಟರಿಗಿಟ್ಟ ಬಹುಮಾನಗಳು ಒಂದೊಂದಾಗಿ ಮಾಯ. ಅಷ್ಟರಲ್ಲಿ ಊರಲ್ಲಿ ಒಬ್ಬ ಮುದುಕನ ಮನೆಗೆ ಬೆಂಕಿ ಬೀಳುತ್ತೆ. ಬೆಂಕಿ ಆರಿಸೋ ಗಾಡಿ ಹಿಮದಲ್ಲಿ ಹೂತುಕೊಳ್ಳುತ್ತೆ. ಮುದುಕ ಚಳಿಗೆ ನಡುಗ್ತಾ ಇದಾನಲ್ಲ ಅಂತ ಪುಣ್ಯಾತ್ಮರು ಅವನ ಕುರ್ಚಿಯನ್ನು ಅವನದ್ದೇ ಉರಿಯೋ ಮನೆಗೆ ಇನ್ನಷ್ಟು ಹತ್ತಿರ ಸರಿಸ್ತಾರೆ! ನಗು ಬರುತ್ತೆ, ಬಂದ ಮೇಲೆ ನಕ್ಕಿದ್ದಕ್ಕೆ ಒಂಥರಾ ಆಗುತ್ತೆ.

ಆಮೇಲೆ ಎಲ್ಲರೂ ಮರುಗಿ ತಮ್ಮ ಲಾಟರಿ ಚೀಟಿಗಳನ್ನು ಮುದುಕನಿಗೆ ದಾನ ಮಾಡ್ತಾರೆ. ಆದರೆ ಬಹುಮಾನಗಳೇ ಇಲ್ಲವಲ್ಲ? ದೀಪ ಆರಿಸ್ತೀವಿ, ಕದ್ದವರು ಕತ್ತಲಲ್ಲಿ ತಂದಿಟ್ಟುಬಿಡಿ ಅಂತಾರೆ. ಮತ್ತೆ ದೀಪ ಹಾಕಿದಾಗ ಉಳಿದದ್ದೂ ಖಾಲಿ. ಒಬ್ಬನೇ ಒಬ್ಬ ಸಿಕ್ಕಿಬೀಳ್ತಾನೆ, ಹೆಂಡತಿ ಕದ್ದಿದ್ದ ಮಾಂಸದ ತಿನಿಸನ್ನು ವಾಪಸ್ ಇಡೋಕೆ ಬಂದಿದ್ದ ಫೈರ್‌ಮನ್. ಈಗ ಸಮಿತಿಯ ತುರ್ತುಸಭೆ. ಚರ್ಚೆ ಕಳ್ಳರ ಬಗ್ಗೆ ಅಲ್ಲ, ಇವನ ಬಗ್ಗೆ: ದಳದ ಮಾನ ಕಳೆದುಬಿಟ್ಟನಲ್ಲ, ಯಾಕೆ ವಾಪಸ್ ಕೊಡೋಕೆ ಹೋದ? ನನ್ನ ಪ್ರಕಾರ ಇಡೀ ಸಿನಿಮಾ ಇರೋದು ಈ ಸಭೆಯಲ್ಲೇ. ಎಲ್ಲರೂ ಕದಿಯೋ ವ್ಯವಸ್ಥೆಯಲ್ಲಿ ಮುಜುಗರ ಆಗೋದು ಕಳ್ಳನಿಗಲ್ಲ, ವಾಪಸ್ ಕೊಟ್ಟವನಿಗೆ.

ಪಕ್ಷದವರಿಗೆ ಇದು ಯಾರ ಬಗ್ಗೆ ಅಂತ ಅರ್ಥ ಆಗದೆ ಇರುತ್ತಾ? ದುಡಿಯುವ ವರ್ಗವನ್ನು ಗೇಲಿ ಮಾಡಿದ್ದಾನೆ ಅಂತ ಸಿಟ್ಟಾದರು. ತಮಾಷೆ ಏನು ಗೊತ್ತಾ? ಈ ಚಿತ್ರಕ್ಕೆ ದುಡ್ಡು ಹಾಕಿದ್ದ ಇಟಲಿಯ ಶ್ರೀಮಂತ ನಿರ್ಮಾಪಕ ಕಾರ್ಲೊ ಪೊಂಟಿಯೂ ಸಾಮಾನ್ಯ ಜನರನ್ನು ಗೇಲಿ ಮಾಡಿದ್ದೀಯ ಅಂತಲೇ ಸಿಟ್ಟಾದ. ಒಪ್ಪಂದದ ಪ್ರಕಾರ 75 ನಿಮಿಷ ಇರಬೇಕಿತ್ತು, ಇದು 73 ನಿಮಿಷ ಇದೆ ಅಂತ ಹಣ ವಾಪಸ್ ಕೇಳಿದ. ರೋಮ್‌ನ ಬಂಡವಾಳಗಾರ, ಪ್ರಾಗ್‌ನ ಕಮ್ಯುನಿಸ್ಟ್, ಇಬ್ಬರ ತಕರಾರೂ ಒಂದೇ! ಸರ್ಕಾರಕ್ಕೆ ನಷ್ಟ ಮಾಡಿದ ಆರೋಪದಲ್ಲಿ ಫೋರ್ಮನ್ ಜೈಲಿಗೆ ಹೋಗುವ ಭಯವಿತ್ತು. ಕೊನೆಗೆ ಫ್ರಾನ್ಸಿನ ಸಿನಿಮಾದವರಾದ ತ್ರೂಫೋ ಮತ್ತು ಕ್ಲೋದ್ ಬೆರ್ರಿ ಹೊರದೇಶಗಳ ಹಕ್ಕು ಕೊಳ್ಳುವ ಏರ್ಪಾಡು ಮಾಡಿ ಅವರನ್ನು ಉಳಿಸಿದರು.

ಎರಡನೆಯದು ಆನಿಮೇಷನ್. ಯಿರ್ಜಿ ಟ್ರಂಕಾ ಆ ದೇಶದ ಬೊಂಬೆ ಸಿನಿಮಾಗಳ ಭೀಷ್ಮ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು 1968ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಪಡೆದವರು. ಅವರ ಬೊಂಬೆಗಳ ಮುಖಭಾವ ಬದಲಾಗಲ್ಲ. ತುಟಿ ಅಲ್ಲಾಡಲ್ಲ. ಬೆಳಕು ಬೀಳೋ ರೀತಿ, ಕ್ಯಾಮೆರಾ ಇಡೋ ಕೋನ, ತಲೆ ಬಾಗಿಸೋ ಬಗೆ, ಇಷ್ಟರಲ್ಲೇ ಅವು ಅಳ್ತಾವೆ, ನಗ್ತಾವೆ. 1965ರಲ್ಲಿ ಅವರು ಮಾಡಿದ ಕೊನೆಯ ಚಿತ್ರ 'ದಿ ಹ್ಯಾಂಡ್', ಬರೀ 18 ನಿಮಿಷದ್ದು, ಮಾತೇ ಇಲ್ಲ.

ಒಬ್ಬ ಪುಟ್ಟ ಕುಂಬಾರ. ಅವನಿಗಿರೋದು ಒಂದೇ ಹೂವಿನ ಗಿಡ, ಅದಕ್ಕೊಂದು ಚೆಂದದ ಕುಂಡ ಮಾಡಬೇಕು ಅನ್ನೋದಷ್ಟೇ ಆಸೆ. ಒಂದು ದಿನ ಕೈಗವಸು ತೊಟ್ಟ ದೊಡ್ಡದೊಂದು ಕೈ ಒಳಗೆ ಬರುತ್ತೆ. ಕುಂಡ ಬೇಡ, ಕೈಯ ವಿಗ್ರಹ ಮಾಡು ಅನ್ನುತ್ತೆ. ಇವನು ಒಲ್ಲೆ ಅಂತಾನೆ. ಕೈ ಫೋನ್ ಮಾಡುತ್ತೆ, ಉಡುಗೊರೆ ತರುತ್ತೆ, ದುಡ್ಡು ತೋರಿಸುತ್ತೆ, ಹೆಣ್ಣಿನ ಕೈಯಾಗಿ ಬಂದು ಮೋಹಿಸುತ್ತೆ. ಯಾವುದಕ್ಕೂ ಬಗ್ಗದಿದ್ದಾಗ ದಾರ ಕಟ್ಟಿ, ಪಂಜರದಲ್ಲಿಟ್ಟು, ಪದಕ ಹಾಕಿ ವಿಗ್ರಹ ಕೆತ್ತಿಸುತ್ತೆ. ಹೇಗೋ ತಪ್ಪಿಸಿಕೊಂಡು ಮನೆಗೆ ಬಂದು ಬಾಗಿಲು ಕಿಟಕಿಗೆಲ್ಲ ಹಲಗೆ ಹೊಡೆದುಕೊಳ್ತಾನೆ. ಆಗ ಬೀರುವಿನ ಮೇಲಿಂದ ಅವನ ಪ್ರೀತಿಯ ಕುಂಡವೇ ತಲೆ ಮೇಲೆ ಬಿದ್ದು ಸಾಯ್ತಾನೆ. ಅವನ ಶವಕ್ಕೆ ಸಕಲ ಗೌರವಗಳೊಂದಿಗೆ ಸೆಲ್ಯೂಟ್ ಹೊಡೆಯೋದು ಮತ್ತದೇ ಕೈ.

1969ರ ಡಿಸೆಂಬರ್ 30ರಂದು ಟ್ರಂಕಾ ತೀರಿಕೊಂಡರು. ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆಯೇ ನಡೀತು. ಕೆಲವು ತಿಂಗಳಲ್ಲಿ 'ದಿ ಹ್ಯಾಂಡ್' ಚಿತ್ರದ ಪ್ರತಿಗಳನ್ನು ರಹಸ್ಯ ಪೊಲೀಸರು ಜಪ್ತಿ ಮಾಡಿದರು. ಇದಕ್ಕೆ ನಾನು ಸೇರಿಸೋಕೆ ಏನೂ ಇಲ್ಲ.

ಮೂರನೆಯದು ಹಾರರ್. ಯುರಾಯ್ ಹರ್ಟ್ಸ್ ನಿರ್ದೇಶಿಸಿದ, 1969ರಲ್ಲಿ ತೆರೆಕಂಡ 'ದಿ ಕ್ರಿಮೇಟರ್'. ಲಾಡಿಸ್ಲಾವ್ ಫುಕ್ಸ್ ಅವರ ಕಾದಂಬರಿ ಆಧರಿಸಿದ್ದು. 1930ರ ದಶಕದ ಕೊನೆಯ ಪ್ರಾಗ್. ಕೊಪ್ಫರ್‌ಕಿಂಗಲ್ ಅನ್ನೋನು ವಿದ್ಯುತ್ ಚಿತಾಗಾರದಂಥ ಕಡೆ ಹೆಣ ಸುಡೋ ಕೆಲಸದವನು. ಕುಡಿಯಲ್ಲ, ಸೇದಲ್ಲ. ಹೆಂಡತಿ ಮಕ್ಕಳನ್ನು ಮುದ್ದಾಗಿ ಮಾತಾಡಿಸ್ತಾನೆ. ಟಿಬೆಟ್ ಬಗ್ಗೆ ಒಂದು ಪುಸ್ತಕ ಓದಿ, ದೇಹ ಬೇಗ ಬೂದಿಯಾದಷ್ಟೂ ಆತ್ಮಕ್ಕೆ ಬೇಗ ಬಿಡುಗಡೆ ಅಂತ ನಂಬಿಕೊಂಡಿದ್ದಾನೆ. ಹೆಣದ ತಲೆ ಬಾಚಿ, ಅದೇ ಬಾಚಣಿಗೆಯಲ್ಲಿ ತನ್ನ ತಲೆ ಬಾಚ್ಕೊಳ್ತಾನೆ. ಒಬ್ಬ ನಾಝಿ ಗೆಳೆಯ ಬಂದು ನಿನ್ನ ಹೆಂಡತಿಯಲ್ಲಿ ಯಹೂದಿ ರಕ್ತ ಇದೆ, ಅವಳಿಂದ ನಿನ್ನ ಬಡ್ತಿಗೆ ಅಡ್ಡಿ ಅಂತ ಕಿವಿಯಲ್ಲಿ ಊದ್ತಾನೆ. ಮುಂದಿನದನ್ನು ಇವನು ಅದೇ ಮುದ್ದಿನ ದನಿಯಲ್ಲಿ, ಅದೇ ಪ್ರೀತಿಯಿಂದ ಮಾಡಿ ಮುಗಿಸ್ತಾನೆ.

ಇದರಲ್ಲಿ ದೆವ್ವ ಇಲ್ಲ, ಧಡಾರ್ ಅನ್ನೋ ಸದ್ದಿಲ್ಲ. ನಟ ರುಡಾಲ್ಫ್ ಹ್ರುಶಿನ್‌ಸ್ಕಿಯ ಆ ಮೆತ್ತನೆಯ ದನಿ ಸಾಕು, ರಾತ್ರಿ ನಿದ್ದೆ ಬರಲ್ಲ. ನಾನು ನೋಡಿದ ಹಾರರ್‌ಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹರ್ಟ್ಸ್‌ಗೆ ಇದು ಬರೀ ಕಥೆಯೂ ಆಗಿರಲಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ರಾವೆನ್ಸ್‌ಬ್ರುಕ್‌ನಂಥ ನಾಝಿ ಶಿಬಿರಗಳಲ್ಲಿದ್ದು ಬದುಕಿ ಬಂದವರು ಅವರು. ಫೋರ್ಮನ್‌ರ ತಂದೆ-ತಾಯಿ ಇಬ್ಬರೂ ಅಂಥ ಶಿಬಿರಗಳಲ್ಲೇ ಸತ್ತವರು. ಇವರ ನಗು, ಇವರ ಭಯ ಎರಡೂ ಬಂದದ್ದು ಬಿಟ್ಟಿ ಸಮಯದಿಂದಲ್ಲ.

ಮೂರನ್ನೂ ಒಟ್ಟಿಗಿಟ್ಟು ನೋಡಿ. ಮೇಲಿನವರು ಬಂದು ಹೀಗೆ ಮಾಡು ಅಂದಾಗ, ಅಥವಾ ಸುತ್ತಲಿನವರೆಲ್ಲ ಹಾಗೇ ಮಾಡ್ತಿದ್ದಾಗ, ಸಾಮಾನ್ಯ ಮನುಷ್ಯ ಏನು ಮಾಡ್ತಾನೆ? ಕಾಮಿಡಿಯಲ್ಲಿ ಅವನೂ ಸೇರಿ ಕದೀತಾನೆ. ಬೊಂಬೆ ಚಿತ್ರದಲ್ಲಿ ಒಲ್ಲೆ ಅಂದು ಸಾಯ್ತಾನೆ. ಹಾರರ್‌ನಲ್ಲಿ ಮನಸಾರೆ ಒಪ್ಪಿಕೊಳ್ತಾನೆ. ಭಾಷಣದ ಸಿನಿಮಾ ಆಗಿದ್ದಿದ್ರೆ ಪಕ್ಷ ಇನ್ನೊಂದು ಭಾಷಣದಲ್ಲಿ ಉತ್ತರ ಕೊಡ್ತಿತ್ತು. ಹಿಮದಲ್ಲಿ ಹೂತ ಗಾಡಿಗೆ, ಕೈಗವಸಿಗೆ, ಬಾಚಣಿಗೆಗೆ ಏನಂತ ಉತ್ತರ ಕೊಡೋದು? ಹಾಗಾಗಿ ಬೀಗ.

ಬೀಗದ ಕಾಲ ಬಂದದ್ದು 1968ರಲ್ಲಿ. ಜನವರಿಯಲ್ಲಿ ಅಲೆಕ್ಸಾಂಡರ್ ದುಬ್ಚೆಕ್ ಪಕ್ಷದ ಮುಖ್ಯಸ್ಥರಾಗಿ ಸೆನ್ಸಾರ್ ಸಡಿಲಿಸಿದರು. ಆಗಸ್ಟ್ 20ರ ರಾತ್ರಿ ಸೋವಿಯತ್ ಮತ್ತು ಮಿತ್ರದೇಶಗಳ ಟ್ಯಾಂಕುಗಳು ಒಳಗೆ ಬಂದವು. 'ದಿ ಕ್ರಿಮೇಟರ್' ಚಿತ್ರೀಕರಣ ಅರ್ಧಕ್ಕೇ ನಿಂತು, ಆಮೇಲೆ ಮುಂದುವರೀತು. ಮರುವರ್ಷ ಗುಸ್ತಾವ್ ಹುಸಾಕ್ ಅಧಿಕಾರಕ್ಕೆ ಬಂದರು. ಆ ಕಾಲಕ್ಕೆ ಸರ್ಕಾರ ಇಟ್ಟ ಹೆಸರು 'ನಾರ್ಮಲೈಸೇಷನ್', ಅಂದ್ರೆ ಎಲ್ಲವನ್ನೂ ಸಹಜ ಸ್ಥಿತಿಗೆ ತರೋದು. 1973ರಲ್ಲಿ 'ಫೈರ್‌ಮೆನ್ಸ್ ಬಾಲ್' ಸೇರಿ ನಾಲ್ಕು ಚಿತ್ರಗಳನ್ನು ಎಂದೆಂದಿಗೂ ನಿಷೇಧ ಅಂತ ಘೋಷಿಸಿದರು. 'ದಿ ಕ್ರಿಮೇಟರ್' ಕೂಡ ಕಪಾಟು ಸೇರಿತು.

ಸಿನಿಮಾ ಮಾಡಿದವರು? ತೆರೆ ಮೇಲಿನ ಪ್ರಶ್ನೆ ಈಗ ಅವರ ಮನೆ ಬಾಗಿಲಿಗೇ ಬಂತು. ಫೋರ್ಮನ್ ದೇಶ ಬಿಟ್ಟು ಅಮೆರಿಕ ಸೇರಿ ಆಸ್ಕರ್ ಗೆದ್ದರು. 1966ರಲ್ಲಿ 'ಡೈಸೀಸ್' ಅನ್ನೋ ಹುಚ್ಚಾಟದ ಕಾಮಿಡಿ ಮಾಡಿದ್ದ ವೇರಾ ಖಿತಿಲೊವಾ ದೇಶದಲ್ಲೇ ಉಳಿದರು. ಆ ಚಿತ್ರದಲ್ಲಿ ಊಟ ತುಳಿದು ಹಾಳು ಮಾಡಿದ್ದಾರೆ ಅಂತ ಸಂಸತ್ತಿನಲ್ಲೇ ಗಲಾಟೆ ಆಗಿತ್ತು. ವರ್ಷಗಟ್ಟಲೆ ಕೆಲಸ ಸಿಗದೆ, 1975ರಲ್ಲಿ ಆಕೆ ನೇರ ಅಧ್ಯಕ್ಷ ಹುಸಾಕ್‌ಗೇ ಪತ್ರ ಬರೆದರು. ಆಸ್ಕರ್ ಗೆದ್ದಿದ್ದ ಯಿರ್ಜಿ ಮೆಂಜಲ್ 1974ರಲ್ಲಿ ಅಣೆಕಟ್ಟು ಕಟ್ಟುವವರನ್ನು ಹೊಗಳೋ ಸಿನಿಮಾ ಮಾಡಿಕೊಟ್ಟು ಮತ್ತೆ ಕೆಲಸ ಪಡೆದರು. ಆನಿಮೇಷನ್‌ನ ಇನ್ನೊಬ್ಬ ದೈತ್ಯ ಯಾನ್ ಶ್ವಾಂಕ್‌ಮಾಯರ್‌ಗೆ ವರ್ಷಗಳ ಕಾಲ ಸ್ವಂತ ಚಿತ್ರ ಮಾಡೋ ಅವಕಾಶವೇ ಸಿಗಲಿಲ್ಲ. ಬೇರೆಯವರ ಚಿತ್ರಗಳಿಗೆ ಟ್ರಿಕ್ ಕೆಲಸ ಮಾಡಿಕೊಡ್ತಾ ಹೊಟ್ಟೆ ಹೊರೆದರು. 1982ರಲ್ಲಿ ಹರ್ಟ್ಸ್ ಮಾಡಿದ, ಪೆಟ್ರೋಲ್ ಬದಲು ಡ್ರೈವರ್‌ನ ರಕ್ತ ಕುಡಿದು ಓಡೋ ಕಾರಿನ ಹಾರರ್ ಚಿತ್ರದಲ್ಲೂ ಅವರ ಕೈಚಳಕ ಇದೆ.

ಕುಂಬಾರನ ಹಾಗೆ ಸಾಯಬೇಕಿತ್ತು ಅಂತ ಇವರಲ್ಲಿ ಯಾರಿಗೂ ಹೇಳೋ ಯೋಗ್ಯತೆ ನಮಗಿಲ್ಲ. ಅಣೆಕಟ್ಟಿನ ಸಿನಿಮಾ ಮಾಡಿದ ಮೆಂಜಲ್‌ರನ್ನು ಹೇಡಿ ಅನ್ನೋದು, ತಿಂಗಳ ಕೊನೆಗೆ ಸಂಬಳ ಜಮಾ ಆಗೋ ನನ್ನಂಥವನಿಗೆ ಬಹಳ ಸುಲಭ. ಅದೇ ಮೆಂಜಲ್ 1969ರಲ್ಲಿ 'ಲಾರ್ಕ್ಸ್ ಆನ್ ಎ ಸ್ಟ್ರಿಂಗ್' ಅನ್ನೋ ಇನ್ನೊಂದು ಕಾಮಿಡಿ ಮಾಡಿದ್ದರು. ಪ್ರೊಫೆಸರು, ಲೈಬ್ರರಿಯನ್ ಮುಂತಾದವರನ್ನೆಲ್ಲ ಸುಧಾರಿಸೋಕೆ ಅಂತ ಗುಜರಿ ಅಂಗಳದಲ್ಲಿ ದುಡಿಸೋ ಕಥೆ. ಬಿಡುಗಡೆಗೂ ಮೊದಲೇ ಬೀಗ ಬಿತ್ತು. 1989ರ ನವೆಂಬರ್‌ನಲ್ಲಿ ಆ ಸರ್ಕಾರವೇ ಬಿದ್ದುಹೋಯ್ತು. 1990ರಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೆ ಹೋದ ಈ ಇಪ್ಪತ್ತೊಂದು ವರ್ಷ ಹಳೇ ಸಿನಿಮಾ, ಹೊಸ ಸಿನಿಮಾಗಳ ಜೊತೆ ಸ್ಪರ್ಧಿಸಿ ಗೋಲ್ಡನ್ ಬೇರ್ ಹಂಚಿಕೊಂಡಿತು.

ಈ ವಾರಾಂತ್ಯ ಒಂದೇ ನೋಡ್ತೀನಿ ಅನ್ನೋರಿಗೆ ನನ್ನ ಸಲಹೆ 'ಫೈರ್‌ಮೆನ್ಸ್ ಬಾಲ್'. ಎಪ್ಪತ್ತಮೂರು ನಿಮಿಷ, ಪೊಂಟಿಗೆ ಕಮ್ಮಿ ಆಯ್ತು, ನಮಗೆ ಸಾಕು. ಹೊಟ್ಟೆ ತುಂಬ ನಗಿ. ಆ ಸಮಿತಿಯ ಸಭೆ ಬಂದಾಗ ಮಾತ್ರ, ನೀವು ಅಲ್ಲಿದ್ದಿದ್ರೆ ಯಾವ ಕುರ್ಚಿಯಲ್ಲಿ ಕೂತಿರ್ತಿದ್ರಿ ಅಂತ ಒಂದು ಕ್ಷಣ ನೋಡ್ಕೊಳ್ಳಿ.