ಹತ್ತಿ ಹೋದ ದಾರಿಯಲ್ಲಿ

ಕೆಯಿ ಕುಮಾಯಿ ನಿರ್ದೇಶಿಸಿದ ‘ಸಂದಾಕನ್ ನಂ. 8’ (1974) ನೋಡುತ್ತಾ ನನಗೆ ಪದೇ ಪದೇ ನೆನಪಾಗಿದ್ದು ಅಘನಾಶಿನಿಯ ಅಳಿವೆ. ಸಿನಿಮಾದ ಅಮಾಕುಸ ದ್ವೀಪದಲ್ಲೂ ಅಷ್ಟೇ: ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಹೊಟ್ಟೆಗೆ ಸಾಲದ ಗದ್ದೆ.

ಅಲ್ಲಿಂದ ಬೋರ್ನಿಯೋದ ಸಂದಾಕನ್ನಿಗೆ ಹೋದವಳು ಓಸಾಕಿ. ಎಂಟನೇ ನಂಬರು ಅಂದರೆ ಆ ಊರಿನ ಒಂದು ಸೂಳೆಮನೆ. ಅವಳನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ. ಅಪ್ಪ ಇಲ್ಲದ ಮನೆ, ಜಮೀನಿಲ್ಲದ ಅಣ್ಣ, ಮುಂಗಡ ಹಣ ಹಿಡಿದು ಬರುವ ದಲ್ಲಾಳಿ. ಮೊದಲು ಮನೆಗೆಲಸ, ಮೈನೆರೆದ ಮೇಲೆ ಗಿರಾಕಿ. ಹಡಗಿನ ಚಾರ್ಜು, ಊಟ, ಬಟ್ಟೆ ಎಲ್ಲ ಅವಳ ಲೆಕ್ಕಕ್ಕೇ ಸೇರಿ ಸಾಲ ಬೆಳೆಯುತ್ತದೆ. ವರ್ಷಗಳ ನಂತರ ಊರಿಗೆ ಬಂದರೆ, ಅವಳು ಕಳಿಸಿದ ದುಡ್ಡಲ್ಲಿ ಕಟ್ಟಿದ ಮನೆಯಲ್ಲೇ ಅವಳೊಂದು ಅವಮಾನ. ಇಡೀ ಸಿನಿಮಾದಲ್ಲಿ ನನಗೆ ತಡೆದುಕೊಳ್ಳಲಾಗದ್ದು ಈ ಭಾಗ.

ಇಂಥ ಹೆಂಗಸರನ್ನು ಜಪಾನಿನಲ್ಲಿ ‘ಕರಾಯುಕಿ-ಸಾನ್’ ಅನ್ನುತ್ತಿದ್ದರು, ಹೊರನಾಡಿಗೆ ಹೋದವಳು ಅಂತ. ಅವರು ಮುಂಬಯಿಯ ಕಾಮಾಠಿಪುರಕ್ಕೂ ಬಂದಿದ್ದರು. ಕೋಬೆಯಿಂದ ಮುಂಬಯಿಗೆ ನಿಪ್ಪಾನ್ ಯೂಸೆನ್ ಕೈಶಾ ಕಂಪನಿ, ಟಾಟಾ ಜೊತೆ ಸೇರಿ, ಹಡಗು ಶುರು ಮಾಡಿದ್ದು 1893ರಲ್ಲಿ. ಬೇಕಾಗಿದ್ದದ್ದು ಭಾರತದ ಹತ್ತಿ. ಹತ್ತಿ ಅಂದಮೇಲೆ ಕುಮಟಾ ಬರಲೇಬೇಕಲ್ಲ! ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಧಾರವಾಡದ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು. ರೈಲು ಬಂದ ಮೇಲೆ ಬಂದರು ಸೊರಗಿತು, ‘ಕುಮಟಾ ಹತ್ತಿ’ ಅನ್ನುವ ಹೆಸರು ಮಾತ್ರ ಮಾರುಕಟ್ಟೆಯಲ್ಲಿ ಉಳಿಯಿತು.

ಇನ್ನು ನಮ್ಮದೇ ದಲ್ಲಾಳಿಗಳ ವಿಷಯ. 1883ರ ಕೆನರಾ ಗೆಜೆಟಿಯರ್ ಈ ಜಿಲ್ಲೆಯ ಕಲಾವಂತರನ್ನು ಒಂದು ಜಾತಿಯಾಗಿಯೇ ಪಟ್ಟಿ ಮಾಡುತ್ತದೆ. ಇಲ್ಲಿ ಹಡಗು ಬೇಕಿರಲಿಲ್ಲ. ಮನೆಯ ಹಿರಿಯಳು, ದೇವಸ್ಥಾನ, ಊರಿನ ದೊಡ್ಡ ಮನುಷ್ಯರು, ಇವರು ಮೂವರು ಒಪ್ಪಿದರೆ ಮುಗಿಯಿತು. ಹುಡುಗಿಯನ್ನು ಕೇಳುವವರು ಯಾರು? ದೇವದಾಸಿ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತ್ಯದ ಕಾನೂನು ಬಂದದ್ದು 1934ರಲ್ಲಿ, ಮದ್ರಾಸಿನದು 1947ರಲ್ಲಿ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿಗೆ ಸೇರಿದ್ದರಿಂದ, ಭಟ್ಕಳದ ಹುಡುಗಿಗೆ ಇದ್ದ ಕಾನೂನು ಗಡಿಯಾಚೆ ಬೈಂದೂರಿನ ಹುಡುಗಿಗೆ ಹದಿಮೂರು ವರ್ಷ ಇರಲಿಲ್ಲ. ಕಾಗದದ ಮೇಲಿನ ಮಾತು ಇದು. ಕಾನೂನು ಇದ್ದ ಕಡೆ ಎಲ್ಲ ಸರಿಹೋಯಿತು ಅಂತ ನಾನಂತೂ ಹೇಳಲಾರೆ.

ಕನ್ನಡ ಸಿನಿಮಾ ಇದನ್ನು ಮುಟ್ಟಿದ್ದು ‘ಗೆಜ್ಜೆಪೂಜೆ’ಯಲ್ಲಿ. ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಗೆಜ್ಜೆ ಕಟ್ಟುವ ಶಾಸ್ತ್ರವೇ ಅಲ್ಲಿ ನೇಮಕಾತಿ. ಕಲ್ಪನಾ ಮಾಡಿದ ಚಂದ್ರಾಳ ಪಾತ್ರ ಕೊನೆಗೆ ಸಾಯುತ್ತದೆ, ನಾವು ಕಣ್ಣೊರೆಸಿಕೊಂಡು ಹೊರಗೆ ಬರುತ್ತೇವೆ. ಕುಮಾಯಿ ಆ ಸಲೀಸು ಕೊಡುವುದಿಲ್ಲ. ಓಸಾಕಿ ಬದುಕಿರುತ್ತಾಳೆ, ಮುದುಕಿಯಾಗಿ, ಬೆಕ್ಕುಗಳ ಜೊತೆ, ಮುರುಕಲು ಗುಡಿಸಲಲ್ಲಿ. ಕಿನುಯೊ ತನಾಕಾ ಈ ಪಾತ್ರಕ್ಕೆ ಬರ್ಲಿನ್‌ನಲ್ಲಿ ಪ್ರಶಸ್ತಿ ಪಡೆದರು. ತನ್ನ ಕತೆ ಕೇಳಲು ಬಂದು ಉಳಿದ ಸಂಶೋಧಕಿ ಹೊರಡುವಾಗ ಅವಳು ಬೇಡುವುದು ದುಡ್ಡಲ್ಲ, ಅವಳು ಬಳಸಿದ ಒಂದು ಟವೆಲು.

ಆ ಸಂಶೋಧಕಿ ಸಂದಾಕನ್ನಿಗೆ ಹೋಗಿ ಕಾಡಿನಲ್ಲಿ ಆ ಹೆಂಗಸರ ಸಮಾಧಿಗಳನ್ನು ಹುಡುಕುತ್ತಾಳೆ. ಕಲ್ಲುಗಳೆಲ್ಲ ಜಪಾನಿಗೆ ಬೆನ್ನು ಹಾಕಿ ನಿಂತಿರುತ್ತವೆ.