ಬಳ್ಳಾರಿ ಸೀಮೆಯ ಐಗಳ ಶಾಲೆಗಳು

ಮಠವೆಂಬ ಶಬ್ದಕ್ಕೆ ಗುರುಗಳ ನೆಲೆಯೆಂಬ ಅರ್ಥವಿರುವಂತೆ ಪಾಠಶಾಲೆಯೆಂಬ ಅರ್ಥವೂ ನಮ್ಮ ನಾಡಿನಲ್ಲಿ ಬಹುಕಾಲ ರೂಢಿಯಲ್ಲಿದ್ದಿತು. ಅಕ್ಷರ ಕಲಿಸುವವರನ್ನು ಐಗಳೆಂದೂ ಅವರ ಶಾಲೆಯನ್ನು ಐಗಳ ಮಠ, ಕೂಲಿಮಠವೆಂದೂ ಹಿರಿಯರು ಕರೆಯುತ್ತಿದ್ದರು. ಇಂತಹ ಶಾಲೆಗಳ ವಿಷಯದಲ್ಲಿ ನಮಗೆ ದೊರೆತಿರುವ ಒಂದು ದೃಢವಾದ ಆಧಾರವನ್ನು ಭಕ್ತಮಹಾಶಯರ ಮುಂದಿಡಲು ಬಯಸುವೆವು. ಮದರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋರವರು 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಲು, ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ಲರು 1823ರ ಆಗಸ್ಟಿನಲ್ಲಿ ಸವಿಸ್ತಾರವಾದ ವರದಿಯೊಂದನ್ನು ಬರೆದು ಕಳುಹಿಸಿದರು.

ಅದರಂತೆ ಆ ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡ ಶಾಲೆಗಳು 235, ತೆಲುಗಿನವು 226. ಅನಂತಪುರದ ಸೀಮೆಯೂ 1882ರ ವರೆಗೆ ಬಳ್ಳಾರಿಗೇ ಸೇರಿದ್ದಿತೆಂಬುದನ್ನು ವಾಚಕರು ನೆನೆಯಬೇಕು. ಮರಾಠಿ ಮತ್ತು ಸಂಸ್ಕೃತಗಳಿಗೆ ತಲಾ 23, ಪಾರಸಿಗೆ 21, ತಮಿಳಿಗೆ 4, ಇಂಗ್ಲಿಷಿಗೆ ಒಂದೇ ಒಂದು.

ಬೆಳಗಾಗುತ್ತಲೇ ಮಕ್ಕಳು ಶಾಲೆಗೆ ಬರಬೇಕು. ಮೊದಲು ಬಂದವನ ಅಂಗೈಮೇಲೆ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನಿಗೆ ಸೊನ್ನೆ, ತಡಮಾಡಿದವರಿಗೆ ಪೆಟ್ಟು. ಶಿಕ್ಷೆಗಳು ಕಠಿನವಾಗಿಯೇ ಇದ್ದುವು, ಅದನ್ನು ಮರೆಮಾಚಲಾಗದು. ಆದರೆ ಪಾಠದ ಏರ್ಪಾಡು ಮಾತ್ರ ಬಹು ವಿವೇಕದ್ದು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಹುಡುಗನು ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದುದು ವಯಸ್ಸಿನಿಂದಲ್ಲ, ವರ್ಷ ಕಳೆದುದರಿಂದಲೂ ಅಲ್ಲ. ತನ್ನ ಶಕ್ತಿಗೂ ಕಲಿತುದಕ್ಕೂ ತಕ್ಕಂತೆ. ಕಿರಿಯರಿಗೆ ಹಿರಿಯ ಹುಡುಗರೇ ಹೇಳಿಕೊಡುವರು. ಐಗಳ ದೃಷ್ಟಿ ಎಲ್ಲರ ಮೇಲೆಯೂ ಇರುವುದು. ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಅನಂತರ ಕಡತದ ಮೇಲೆ ಬಳಪದಿಂದ ಬರೆದು ಒರಸುವುದು. ಈ ಕ್ರಮವು ಇಂಗ್ಲೆಂಡಿನಲ್ಲಿಯೂ ಅನುಸರಿಸತಕ್ಕುದಾಗಿತ್ತೆಂದು ಕ್ಯಾಂಬೆಲ್ಲರು ಮೆಚ್ಚಿರುವರು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ಲರು ಅಲ್ಲಿಯ ಮರಳಿನ ಪಾಠವನ್ನು ಕಂಡು 1797ರಲ್ಲಿಯೇ ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದ್ದರು.

ಓದುವ ಗ್ರಂಥಗಳೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ರಾಮಾಯಣ, ಭಾರತ, ಭಾಗವತಗಳು ಸಾಮಾನ್ಯವಾಗಿದ್ದುವು. ಅವುಗಳ ಜೊತೆಗೆ ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣ, ಲಿಂಗಧಾರಿಗಳ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಮನೆಯಲ್ಲಿ ಕೇಳಿದ ಕಥೆಯನ್ನೇ ಶಾಲೆಯಲ್ಲಿ ಕಂಡ ಮಗುವಿಗೆ ವಿದ್ಯೆಯು ಪರಕೀಯವೆಂದು ತೋರುವುದೆಂತು? ಆದರೆ ಹಳೆಯ ಕಾವ್ಯಭಾಷೆಯ ಅರ್ಥವನ್ನು ತಿಳಿಯದೆ ಮಕ್ಕಳು ಕಂಠಪಾಠ ಮಾಡುತ್ತಿದ್ದರೆಂಬ ಆಕ್ಷೇಪಣೆಯೂ ಅದೇ ವರದಿಯಲ್ಲಿದೆ. ಅದು ನ್ಯಾಯವಾದ ಆಕ್ಷೇಪಣೆಯೇ.

ಇನ್ನು ಬಾಗಿಲ ಹೊರಗೆ ನಿಂತವರ ಮಾತು. 6,641 ಮಂದಿಯಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಮುಸಲ್ಮಾನರ ಮಕ್ಕಳು 243. ಒಳಗೆ ಬಂದ ಒಬ್ಬೊಬ್ಬನ ಶಕ್ತಿಯನ್ನೂ ಅಷ್ಟು ಸೂಕ್ಷ್ಮವಾಗಿ ಅಳೆದ ಶಾಲೆಯು, ಅವನ ತಂಗಿಗೂ ಬುದ್ಧಿಶಕ್ತಿಯುಂಟೆಂದು ಎಣಿಸಲಿಲ್ಲ. ಹೆಣ್ಣಿಗೂ ಗಂಡಿಗೂ ಲಿಂಗದೀಕ್ಷೆಯನ್ನು ಸಮವಾಗಿ ಕೊಟ್ಟ ಶರಣರ ನಾಡಿನಲ್ಲಿಯೇ ಹೀಗಾದುದು ನಮ್ಮ ಮನಸ್ಸನ್ನು ಕಲಕುತ್ತದೆ.

ಗಂಡುಮಕ್ಕಳಲ್ಲಿಯೂ ಬಡವರು ನಿಲ್ಲಲಾರದೆ ಹೋದರು. ಐಗಳಿಗೆ ತಿಂಗಳ ಕೂಲಿಯನ್ನು ಕೊಡಬೇಕು. ಯುರೋಪಿನ ಬಟ್ಟೆ ಬಂದು ನಮ್ಮ ನೇಕಾರಿಕೆ ಕುಗ್ಗಿತು. ದೇಶೀಯ ದರಬಾರುಗಳೂ ಸೈನ್ಯಗಳೂ ಅಳಿದು ಅವನ್ನು ನಂಬಿದ ಸಂಸಾರಗಳು ಬಡತನಕ್ಕಿಳಿದುವು. ಓದು ಮುಗಿಯುವ ಮೊದಲೇ ತಂದೆತಾಯಿಗಳು ಮಕ್ಕಳನ್ನು ದುಡಿಮೆಗೆ ಹಚ್ಚಿದರು. ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಅದು ಇಲ್ಲವಾಯಿತು. ಆ 533 ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿರಲಿಲ್ಲ. ಇದನ್ನು ಹೇಳಲು ತಮಗೆ ನಾಚಿಕೆಯಾಗುತ್ತದೆಂದು ಸರ್ಕಾರದ ಕಲೆಕ್ಟರರೇ ಬರೆದಿರುವರು.