ಜರ್ಮನಿಯ ಹಳೆಯ ಮಡಿಸುಚೂರಿ: ಕಾಲವೂ ಬೆಲೆಯೂ

ಹಳೆಯ ಸಾಮಾನಿನ ಅಂಗಡಿಯಲ್ಲಿ ದೊರೆತ ಜರ್ಮನ್ ಮಡಿಸುಚೂರಿಯ ಕಾಲವನ್ನು ನಿರ್ಣಯಿಸಲು ಅಲಗಿನ ಬುಡದ ಮುದ್ರೆಯೇ ಮೊದಲ ಪ್ರಮಾಣವು. ವುಪ್ಪರ್ ನದೀತೀರದ ಸೋಲಿಂಗೆನ್ ಪಟ್ಟಣವು ಮಧ್ಯಯುಗದಿಂದಲೂ ಖಡ್ಗಕಾರರ ನೆಲೆಯಾಗಿದ್ದಿತು. ಅಲ್ಲಿಯ ಪೀಟರ್ ಹೆಂಕೆಲ್ಸ್ ಎಂಬಾತನು 1731ರಲ್ಲಿ ಅವಳಿಗಳ ಚಿಹ್ನೆಯನ್ನು ಚೂರಿಗಾರರ ಶ್ರೇಣಿಯಲ್ಲಿ ದಾಖಲು ಮಾಡಿಸಿದನು.

ಆದರೆ ಮುದ್ರೆಯು ಸುಳ್ಳಾಡುವುದೂ ಉಂಟಷ್ಟೆ. ಜರ್ಮನ್ ಸರಕಿನ ಮೇಲೆ ಶೆಫೀಲ್ಡಿನ ಹೆಸರನ್ನು ಒತ್ತಿ ಮಾರುತ್ತಿರುವರೆಂದು ಆ ಊರಿನವರು ಮೊರೆಯಿಡಲು, ಬ್ರಿಟನ್ 1887ರಲ್ಲಿ ಇಂತಹ ವಂಚನೆಯನ್ನು ಶಾಸನದಿಂದ ನಿಷೇಧಿಸಿತು. 1890ರ ಅಮೆರಿಕದ ಸುಂಕದ ಕಾಯಿದೆಯು ದೇಶದ ಹೆಸರನ್ನೇ ಕಡ್ಡಾಯಗೊಳಿಸಿತು. ಆದಕಾರಣ ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂದಿರುವ ಚೂರಿಯು ಬಹುಮಟ್ಟಿಗೆ ಆ ಬಳಿಕದ್ದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ ಎರಡನೆಯ ಮಹಾಯುದ್ಧದ ಅನಂತರದ್ದು. ಸೋಲಿಂಗೆನ್ ಹೆಸರಿಗೆ ಶಾಸನದ ರಕ್ಷಣೆಯು 1938ರಲ್ಲಿ ದೊರೆಯಿತು.

ಬೆಲೆಗೆ ಪ್ರತ್ಯಕ್ಷವೇ ಪ್ರಮಾಣ. ಅಲಗು ಸಾಣೆಗೆ ಸವೆದಿರಬಾರದು, ಅಲುಗಾಡಬಾರದು, ಕಮಾನು ಬಿಗಿಯಾಗಿರಬೇಕು, ಕೊಂಬಿನ ಹಿಡಿಯು ಬಿರುಕಿಲ್ಲದಿರಬೇಕು. ಮಾರುವವನು ಹೇಳಿದ ಬೆಲೆಯನ್ನಲ್ಲ, ಅಂತಹುದೇ ಚೂರಿಯು ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡತಕ್ಕದ್ದು.

ವಾಚಕರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಹೊಳಪಿನ ಆಶೆಯಿಂದ ಅಲಗನ್ನು ಮರಳುಕಾಗದದಿಂದ ಉಜ್ಜಿದರೆ ಮುದ್ರೆಯು ಅಳಿಯುವುದು. ಅದರೊಡನೆ ಬೆಲೆಯೂ ಚರಿತ್ರೆಯೂ ಅಳಿಯುವುವು. ತುಕ್ಕಿಗೆ ತುಸು ಎಣ್ಣೆಯೂ ಮೆತ್ತನೆಯ ಬಟ್ಟೆಯೂ ಸಾಕು.